ಬೂದಿಗೆ ಅಂಟಿಸಿದ ಚೀಟಿ

ನನ್ನ ಅಬ್ಬಾ ರೈಸ್ ಮಿಲ್ಲಿನ ಬಾಯ್ಲರ್ ಹತ್ತಿರ ಕೆಲಸ ಮಾಡುತ್ತಾರೆ. ತುಂಗಭದ್ರಾ ಎಡದಂಡೆ ಕಾಲುವೆಯ ನಮ್ಮ ಕಡೆ ಭತ್ತ ಬೆಳೆಯದ ಹೊಲ ಕಡಿಮೆ, ರೈಸ್ ಮಿಲ್ ಇಲ್ಲದ ರಸ್ತೆಯೂ ಕಡಿಮೆ. ಭತ್ತವನ್ನು ಹಬೆಯಲ್ಲಿ ಬೇಯಿಸಲು ಬಾಯ್ಲರ್ ಉರಿಯಬೇಕು. ಬಾಯ್ಲರ್ ಉರಿಯಲು ಅದೇ ಭತ್ತದ ಹೊಟ್ಟು ಬೇಕು. ಅಬ್ಬಾ ಹೊಟ್ಟನ್ನು ಒಳಗೆ ತಳ್ಳುತ್ತಾರೆ, ಬೂದಿಯನ್ನು ಹೊರಗೆ ಎಳೆಯುತ್ತಾರೆ. 11 ವರ್ಷದಿಂದ ಇದೇ ಕೆಲಸ. ಮನೆಗೆ ಬಂದಾಗ ಅವರ ಹುಬ್ಬು ಬೂದು ಬಣ್ಣಕ್ಕೆ ತಿರುಗಿರುತ್ತದೆ. ಚಿಕ್ಕವಳಿದ್ದಾಗ ನಾನು ಅದನ್ನು ನೋಡಿ ನಗುತ್ತಿದ್ದೆ.

ಈ ವರ್ಷ ನಮ್ಮ ಕಾಲೇಜಿನ ವಿಜ್ಞಾನ ಪ್ರದರ್ಶನದಲ್ಲಿ ನಾನು ಮತ್ತು ನನ್ನ ಇಬ್ಬರು ಗೆಳತಿಯರು ಆ ಬೂದಿಯನ್ನೇ ಇಟ್ಟುಕೊಂಡು ಒಂದು ಪ್ರಾಜೆಕ್ಟ್ ಮಾಡಿದೆವು. ನಮಗೆ ಬಹುಮಾನ ಬರಲಿಲ್ಲ. ಯಾಕೆ ಬರಲಿಲ್ಲ ಎಂಬುದು ನಮ್ಮ ತರಗತಿಯಲ್ಲಿ ಕೆಲವರಿಗೆ ಗೊತ್ತು, ಹಲವರಿಗೆ ಅರ್ಧ ಗೊತ್ತು. ಪೂರ್ತಿ ನಾನೇ ಬರೆಯುವುದು ಒಳ್ಳೆಯದು ಅಂತ ಅನಿಸಿತು.

ಎಲ್ಲವೂ ಶುರುವಾಗಿದ್ದು ವಿದ್ಯುದ್ರಸಾಯನಶಾಸ್ತ್ರದ ಪಾಠದಲ್ಲಿ. ಸೀಸದ ಸಂಗ್ರಾಹಕ ಕೋಶ, ನಿಕ್ಕಲ್-ಕ್ಯಾಡ್ಮಿಯಂ ಕೋಶ ಎಲ್ಲ ಮುಗಿದ ಮೇಲೆ ಹಿಂದಿನ ಬೆಂಚಿನಿಂದ ಒಬ್ಬರು, "ಮೇಡಂ, ನಮ್ಮ ಫೋನಿನೊಳಗೆ ಇರೋದು ಯಾವುದು?" ಎಂದು ಕೇಳಿದರು. ಮೇಡಂ ಬೋರ್ಡಿನ ಮೇಲೆ ಎರಡು ಗೋಡೆ ಬರೆದರು. ಒಂದು ಕ್ಯಾಥೋಡ್, ಒಂದು ಆನೋಡ್. ನಡುವೆ ಲಿಥಿಯಂ ಅಯಾನು ಓಡಾಡುತ್ತದೆ. ಚಾರ್ಜ್‌ಗೆ ಹಾಕಿದಾಗ ಆನೋಡಿಗೆ ಹೋಗಿ ಕೂರುತ್ತದೆ, ಫೋನ್ ಬಳಸುವಾಗ ಕ್ಯಾಥೋಡಿಗೆ ವಾಪಸ್ಸು ಬರುತ್ತದೆ. ಆನೋಡ್ ಎಂದರೆ ಹೆಚ್ಚಾಗಿ ಗ್ರಾಫೈಟ್, ಅಂದರೆ ನಮ್ಮ ಪೆನ್ಸಿಲ್ ಕಡ್ಡಿಯಲ್ಲಿ ಇರುವ ವಸ್ತು. ಅದು ಹಾಳೆ ಹಾಳೆಯಾಗಿರುತ್ತದೆ. ಪುಸ್ತಕದ ಹಾಳೆಗಳ ನಡುವೆ ನವಿಲುಗರಿ ಇಟ್ಟ ಹಾಗೆ ಲಿಥಿಯಂ ಆ ಹಾಳೆಗಳ ನಡುವೆ ಸೇರಿಕೊಳ್ಳುತ್ತದೆ.

ಗ್ರಾಫೈಟಿನೊಳಗೆ ಲಿಥಿಯಂ ಹೋಗಿ ಮತ್ತೆ ಹೊರಬರಬಲ್ಲದು ಎಂದು 1980ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ತೋರಿಸಿದವರು ರಶೀದ್ ಯಾಜಮಿ. ಮೊರಾಕೊದ ಫೆಸ್ ನಗರದಲ್ಲಿ ಹುಟ್ಟಿದವರು. 1991ರಲ್ಲಿ ಸೋನಿ ಕಂಪನಿ ಮೊದಲ ಲಿಥಿಯಂ ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದಿತು. 2019ರಲ್ಲಿ ಈ ಬ್ಯಾಟರಿಗಾಗಿ ನೊಬೆಲ್ ಪಡೆದವರು ಗುಡಿನಫ್, ವಿಟ್ಟಿಂಗ್‌ಹ್ಯಾಮ್ ಮತ್ತು ಯೋಶಿನೊ. ಯಾಜಮಿ ಆ ಪಟ್ಟಿಯಲ್ಲಿ ಇರಲಿಲ್ಲ. ಆದರೆ 2014ರಲ್ಲಿ ಅಮೆರಿಕದ ಡ್ರೇಪರ್ ಪ್ರಶಸ್ತಿಯನ್ನು ಗುಡಿನಫ್, ಯೋಶಿನೊ, ನಿಶಿ ಅವರ ಜೊತೆ ಅವರಿಗೂ ಕೊಡಲಾಗಿತ್ತು. ನಮ್ಮ ಚಾರ್ಟಿನ ಮೊದಲ ಹಾಳೆಯಲ್ಲಿ ಅವರ ಹೆಸರನ್ನು ದೊಡ್ಡದಾಗಿ ಬರೆದಿದ್ದೆವು.

ಆ ದಿನ ಮೇಡಂ ಒಂದು ಲೆಕ್ಕ ಮಾಡಿಸಿದರು. ಪರೀಕ್ಷೆಗೆ ಓದುವವರಿಗೂ ಉಪಯೋಗ, ಅದಕ್ಕೆ ಇಲ್ಲಿ ಬರೆಯುತ್ತೇನೆ. ಒಂದು ಮೋಲ್ ಎಲೆಕ್ಟ್ರಾನಿನ ಆವೇಶ 96,500 ಕೂಲಂಬ್. ಅದನ್ನು 3.6ರಿಂದ ಭಾಗಿಸಿದರೆ ಸುಮಾರು 26,800 ಮಿಲಿಆಂಪಿಯರ್-ಗಂಟೆ, ಫೋನಿನ ಡಬ್ಬಿಯ ಮೇಲೆ ಬರೆದಿರುವ ಎಂಎಎಚ್ ಅದೇ. ಗ್ರಾಫೈಟಿನಲ್ಲಿ ಒಂದು ಲಿಥಿಯಂ ಇರಿಸಿಕೊಳ್ಳಲು 6 ಕಾರ್ಬನ್ ಬೇಕು. 6 ಕಾರ್ಬನ್ ಎಂದರೆ 72 ಗ್ರಾಂ. 26,800ನ್ನು 72ರಿಂದ ಭಾಗಿಸಿ. 372 ಬರುತ್ತದೆ. ಒಂದು ಗ್ರಾಂ ಗ್ರಾಫೈಟ್ ಎಷ್ಟೇ ಕಷ್ಟಪಟ್ಟರೂ 372 ಎಂಎಎಚ್ ದಾಟುವುದಿಲ್ಲ.

"ಈಗ ಗ್ರಾಫೈಟ್ ಬದಲು ಸಿಲಿಕಾನ್ ಹಾಕಿ" ಎಂದರು ಮೇಡಂ. ಸಿಲಿಕಾನ್ ಹಾಳೆಗಳ ನಡುವೆ ಜಾಗ ಕೊಡುವುದಿಲ್ಲ, ಲಿಥಿಯಂ ಜೊತೆ ಮಿಶ್ರಲೋಹವಾಗಿ ಬೆರೆತುಬಿಡುತ್ತದೆ. ಸಾಮಾನ್ಯ ಉಷ್ಣತೆಯಲ್ಲಿ 4 ಸಿಲಿಕಾನ್ ಪರಮಾಣು 15 ಲಿಥಿಯಂ ಹಿಡಿಯುತ್ತವೆ. ಲೆಕ್ಕ ಮಾಡಿದರೆ ಒಂದು ಗ್ರಾಂಗೆ ಸುಮಾರು 3,579 ಎಂಎಎಚ್. ಗ್ರಾಫೈಟಿಗಿಂತ ಹತ್ತು ಪಟ್ಟಿನ ಹತ್ತಿರ! ಅಂದರೆ 5,000 ಎಂಎಎಚ್ ಫೋನಿಗೆ ಗ್ರಾಫೈಟ್ 13 ಗ್ರಾಂಗಿಂತ ಹೆಚ್ಚು ಬೇಕು, ಸಿಲಿಕಾನ್ ಆದರೆ ಲೆಕ್ಕದ ಪ್ರಕಾರ 1.4 ಗ್ರಾಂ ಸಾಕು.

ಬೆಲ್ ಹೊಡೆಯಿತು. ಮೇಡಂ ಪುಸ್ತಕ ಮುಚ್ಚುತ್ತಾ, "ಸಿಲಿಕಾನ್ ಮರಳಿನಲ್ಲಿದೆ, ಭತ್ತದ ಹೊಟ್ಟಿನಲ್ಲೂ ಇದೆ" ಎಂದು ಹೇಳಿ ಹೋದರು. ನನಗೆ ಆಮೇಲಿನ ಪಿರಿಯಡ್ ಏನು ನಡೆಯಿತೋ ನೆನಪಿಲ್ಲ.

ಲೈಬ್ರರಿಯ ಕಂಪ್ಯೂಟರಿನಲ್ಲಿ ಹುಡುಕಿದೆವು. ಮೇಡಂ ಹೇಳಿದ್ದು ನಿಜ. ಭತ್ತದ ಗಿಡ ಮಣ್ಣಿನಿಂದ ಸಿಲಿಕಾ ಹೀರಿ ಹೊಟ್ಟಿನಲ್ಲಿ ಸೇರಿಸಿಡುತ್ತದೆ. ಭತ್ತದ ತೂಕದಲ್ಲಿ ಸುಮಾರು ಐದನೇ ಒಂದು ಭಾಗ ಹೊಟ್ಟು. ಆ ಹೊಟ್ಟನ್ನು ಸುಟ್ಟರೆ ನೂರು ಗ್ರಾಂಗೆ 15ರಿಂದ 20 ಗ್ರಾಂ ಬೂದಿ ಉಳಿಯುತ್ತದೆ, ಅದರಲ್ಲಿ ಹೆಚ್ಚಿನದೆಲ್ಲ ಸಿಲಿಕಾ. 2013ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಯಿ ಕುಯಿ ಅವರ ತಂಡ ಹೊಟ್ಟಿನಿಂದ ಸಿಲಿಕಾನ್ ತೆಗೆದು ಬ್ಯಾಟರಿಯ ಆನೋಡ್ ಮಾಡಿ ತೋರಿಸಿತ್ತು. ಅದೇ ವರ್ಷ ದಕ್ಷಿಣ ಕೊರಿಯಾದ ವಿಜ್ಞಾನಿಗಳೂ ಹೊಟ್ಟಿನಿಂದಲೇ ಆನೋಡ್ ಮಾಡಿದ್ದರು.

ನಾನು ಅಲ್ಲೇ ಹಾಳೆಯ ಅಂಚಿನಲ್ಲಿ ಗುಣಿಸಿದೆ. 1.4 ಗ್ರಾಂ ಸಿಲಿಕಾನಿಗೆ 3 ಗ್ರಾಂ ಸಿಲಿಕಾ ಬೇಕು. 3 ಗ್ರಾಂ ಸಿಲಿಕಾಕ್ಕೆ ಹೆಚ್ಚೆಂದರೆ 20 ಗ್ರಾಂ ಹೊಟ್ಟು. ಎರಡು ಹಿಡಿ! ಅಬ್ಬಾ ಒಂದು ಸಲ ಸಲಿಕೆಯಲ್ಲಿ ಎತ್ತುವುದು ಎಷ್ಟೋ ಫೋನುಗಳಿಗೆ ಆಗುವಷ್ಟು. ಆ ರಾತ್ರಿ ಊಟದ ಹೊತ್ತಿಗೆ ಇದನ್ನೆಲ್ಲ ಅಬ್ಬಾಗೆ ಹೇಳಿದೆ. ಅವರು ತುತ್ತು ಕೈಯಲ್ಲೇ ಹಿಡಿದುಕೊಂಡು ಕೇಳಿದರು. "ನಾವು ಟ್ರ್ಯಾಕ್ಟರಿನಲ್ಲಿ ತುಂಬಿ ಹೊರಗೆ ಸುರಿಯುವ ಬೂದಿಯಲ್ಲಾ?" ಎಂದರು. "ಹೌದು ಅಬ್ಬಾ." ಅವರು ಅಮ್ಮಿಯ ಕಡೆ ನೋಡಿ ನಕ್ಕರು. ಮರುದಿನ ಒಂದು ಚೀಲ ಹೊಟ್ಟು ತಂದುಕೊಟ್ಟರು. ನಮಗೆ ಬೇಕಿದ್ದದ್ದು ಅರ್ಧ ಕಿಲೋ.

ಇಲ್ಲಿಯವರೆಗೆ ನಾನು ಸಂಖ್ಯೆಯನ್ನು ಮಾತ್ರ ನೋಡಿದ್ದೆ. ಸಿಲಿಕಾನಿಗೆ ಇನ್ನೊಂದು ಸಂಖ್ಯೆಯೂ ಇದೆ. ಲಿಥಿಯಂ ತುಂಬಿಕೊಂಡಾಗ ಗ್ರಾಫೈಟ್ ಉಬ್ಬುವುದು ಶೇಕಡಾ 10ರಷ್ಟು. ಸಿಲಿಕಾನ್ ಉಬ್ಬುವುದು ಶೇಕಡಾ 300ರ ಹತ್ತಿರ, ಅಂದರೆ ಹೆಚ್ಚುಕಡಿಮೆ ಮೊದಲಿನ ನಾಲ್ಕು ಪಟ್ಟು ಗಾತ್ರ. ಲಿಥಿಯಂ ಹೊರಟಾಗ ಮತ್ತೆ ಕುಗ್ಗುತ್ತದೆ. ರಂಜಾನಿನಲ್ಲಿ ಇಫ್ತಾರಿಗೆಂದು ಕಡಲೆ ನೆನೆಹಾಕುತ್ತೇವಲ್ಲ, ಬೆಳಗಾಗುವಷ್ಟರಲ್ಲಿ ಉಬ್ಬಿ ಸಿಪ್ಪೆ ಬಿರಿದಿರುತ್ತದೆ. ಅದೇ ಕಡಲೆಯನ್ನು ಒಣಗಿಸಿ, ಮತ್ತೆ ನೆನೆಸಿ, ಮತ್ತೆ ಒಣಗಿಸಿ, ನೂರಾರು ಸಲ ಹೀಗೆ ಮಾಡಿದರೆ ಏನಾಗುತ್ತದೆ? ಸಿಲಿಕಾನಿಗೆ ಆಗುವುದೂ ಅದೇ. ಬಿರುಕು ಬಿಟ್ಟು ಪುಡಿಯಾಗುತ್ತದೆ, ಪುಡಿಯಾದದ್ದಕ್ಕೆ ತಂತಿಯ ಸಂಪರ್ಕ ತಪ್ಪುತ್ತದೆ.

ತೊಂದರೆ ಅಲ್ಲಿಗೇ ಮುಗಿಯುವುದಿಲ್ಲ. ಮೊದಲ ಸಲ ಚಾರ್ಜ್ ಆಗುವಾಗ ಆನೋಡಿನ ಮೇಲೆ ಒಂದು ತೆಳುವಾದ ಪೊರೆ ಕಟ್ಟುತ್ತದೆ. ಅದು ಒಳ್ಳೆಯದೇ, ಒಳಗಿನ ದ್ರಾವಣ ಇನ್ನಷ್ಟು ಹಾಳಾಗದಂತೆ ಕಾಯುತ್ತದೆ. ಗ್ರಾಫೈಟಿನ ಮೇಲೆ ಈ ಪೊರೆ ನಿಲ್ಲುತ್ತದೆ. ಸಿಲಿಕಾನ್ ಉಬ್ಬಿದಾಗ ಪೊರೆ ಹರಿಯುತ್ತದೆ, ಹೊಸ ಮೈ ಹೊರಬೀಳುತ್ತದೆ, ಅದರ ಮೇಲೆ ಮತ್ತೆ ಪೊರೆ. ಪ್ರತಿ ಸಲವೂ ಸ್ವಲ್ಪ ಲಿಥಿಯಂ, ಸ್ವಲ್ಪ ದ್ರಾವಣ ಖರ್ಚು. ಕೊನೆಗೆ ಓಡಾಡಲು ಲಿಥಿಯಮೇ ಕಡಿಮೆಯಾಗುತ್ತದೆ.

ನನ್ನ ಮಾಮುವಿನದು ಮೊಬೈಲ್ ರಿಪೇರಿ ಅಂಗಡಿ. ಅಲ್ಲಿ ಒಂದು ಡಬ್ಬಿಯಲ್ಲಿ ಮರಳು ಹಾಕಿ ಉಬ್ಬಿದ ಬ್ಯಾಟರಿಗಳನ್ನು ಇಟ್ಟಿರುತ್ತಾರೆ. ನಾನು ಜಾಣತನದಿಂದ ಅದರ ಫೋಟೋ ತೆಗೆದು "ಆನೋಡ್ ಉಬ್ಬುವುದಕ್ಕೆ ಉದಾಹರಣೆ" ಎಂದು ಚಾರ್ಟಿಗೆ ಅಂಟಿಸಿದ್ದೆ. ಮೇಡಂ ಅದನ್ನು ನೋಡಿ ತೆಗೆಸಿದರು. ಫೋನಿನ ಬ್ಯಾಟರಿ ದಿಂಬಿನ ಹಾಗೆ ಉಬ್ಬುವುದು ಹೆಚ್ಚಾಗಿ ಒಳಗಿನ ದ್ರಾವಣ ಕೆಟ್ಟು ಅನಿಲ ಹುಟ್ಟುವುದರಿಂದ. ಸಿಲಿಕಾನ್ ಕಣ ಉಬ್ಬುವುದು ಬೇರೆ ವಿಷಯ, ಅದು ಕಣ್ಣಿಗೆ ಕಾಣುವುದಿಲ್ಲ. "ಒಂದೇ ಥರ ಕಾಣೋದೆಲ್ಲ ಒಂದೇ ಅಲ್ಲಮ್ಮಾ" ಎಂದರು ಮೇಡಂ. ಆ ಮಾತನ್ನು ನಾನು ಆಗಲೇ ಸರಿಯಾಗಿ ಕೇಳಿಸಿಕೊಂಡಿದ್ದರೆ ಈ ಲೇಖನ ಬರೆಯುವ ಅಗತ್ಯ ಬೀಳುತ್ತಿರಲಿಲ್ಲ.

ಈಗ ನಮ್ಮ ಪ್ರಯೋಗ. ಹೊಟ್ಟನ್ನು ಎರಡು ಪಾಲು ಮಾಡಿದೆವು. ಒಂದು ಪಾಲನ್ನು ನೀರಿನಲ್ಲಿ ಮಾತ್ರ ತೊಳೆದೆವು. ಇನ್ನೊಂದನ್ನು ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಬಿಸಿ ಮಾಡಿ, ಚೆನ್ನಾಗಿ ತೊಳೆದು ಒಣಗಿಸಿದೆವು. ಎರಡನ್ನೂ ಕ್ರೂಸಿಬಲ್‌ನಲ್ಲಿ ಹಾಕಿ ಬರ್ನರ್ ಮೇಲೆ ತುಂಬಾ ಹೊತ್ತು ಸುಟ್ಟೆವು. ಮೊದಲ ದಿನ ಲ್ಯಾಬ್ ತುಂಬಾ ಹೊಗೆ, ಅಟೆಂಡರ್ ಅಣ್ಣ ಬಂದು ಕಿಟಕಿಗಳನ್ನೆಲ್ಲ ತೆರೆದರು. ಆಮ್ಲದಲ್ಲಿ ತೊಳೆದದ್ದು ಸುಟ್ಟು ಸುಟ್ಟು ಬೆಳ್ಳಗಾಯಿತು, ಹಿಟ್ಟಿನಷ್ಟು ಹಗುರ. ನೀರಿನಲ್ಲಿ ತೊಳೆದದ್ದು ಎಷ್ಟು ಸುಟ್ಟರೂ ಕಪ್ಪು ಮಿಶ್ರಿತ ಬೂದು ಬಣ್ಣದಲ್ಲೇ ಉಳಿಯಿತು. ಕಾರಣ ಪೊಟ್ಯಾಸಿಯಂ ಎಂದು ಆಮೇಲೆ ಓದಿ ತಿಳಿದೆವು. ಹೊಟ್ಟಿನಲ್ಲಿರುವ ಪೊಟ್ಯಾಸಿಯಂ ಶಾಖಕ್ಕೆ ಸಿಲಿಕಾದ ಮೈಯನ್ನು ಕರಗಿಸಿ, ಒಳಗಿನ ಇಂಗಾಲಕ್ಕೆ ಗಾಳಿ ತಾಗದಂತೆ ಮುಚ್ಚಿಬಿಡುತ್ತದೆ. ಆಮ್ಲ ಆ ಪೊಟ್ಯಾಸಿಯಂ ಅನ್ನು ಮೊದಲೇ ತೆಗೆದುಬಿಡುತ್ತದೆ. 10 ಗ್ರಾಂ ಹೊಟ್ಟಿಗೆ ನಮಗೆ ಸಿಕ್ಕಿದ ಬಿಳಿ ಬೂದಿ 1.7 ಗ್ರಾಂ. ಓದಿದ್ದಕ್ಕೂ ತೂಗಿದ್ದಕ್ಕೂ ತಾಳೆಯಾದಾಗ ನಾವು ಮೂವರೂ ತಕ್ಕಡಿಯ ಮುಂದೆ ಚಪ್ಪಾಳೆ ಹೊಡೆದೆವು.

ಆದರೆ ಇದು ಸಿಲಿಕಾ. ಸಿಲಿಕಾನ್ ಅಲ್ಲ. ಸಿಲಿಕಾದಲ್ಲಿ ಪ್ರತಿ ಸಿಲಿಕಾನಿಗೂ ಎರಡು ಆಮ್ಲಜನಕ ಅಂಟಿಕೊಂಡಿವೆ. ಅವನ್ನು ಬಿಡಿಸಲು ವಿಜ್ಞಾನಿಗಳು ಮೆಗ್ನೀಸಿಯಂ ಪುಡಿ ಬೆರೆಸಿ, ಗಾಳಿ ಇಲ್ಲದ ಕುಲುಮೆಯಲ್ಲಿ ಸುಮಾರು 650 ಡಿಗ್ರಿಗೆ ಕಾಯಿಸುತ್ತಾರೆ. ಮೆಗ್ನೀಸಿಯಂ ಆಮ್ಲಜನಕವನ್ನು ತಾನು ಎಳೆದುಕೊಂಡು ಸಿಲಿಕಾನನ್ನು ಬಿಟ್ಟುಕೊಡುತ್ತದೆ. ನಮ್ಮ ಲ್ಯಾಬಿನಲ್ಲಿ ಮೆಗ್ನೀಸಿಯಂ ಪಟ್ಟಿ ಇತ್ತು. ನಾವು ಕೇಳಿದೆವು. ಮೇಡಂ ಒಂದೇ ಮಾತಿನಲ್ಲಿ ಬೇಡ ಎಂದರು. ಆ ಕ್ರಿಯೆ ಒಮ್ಮೆ ಹಿಡಿದರೆ ಅದರ ಶಾಖ ಕೈಗೆ ಸಿಗುವುದಿಲ್ಲ. ಜೊತೆಗೆ ಸ್ವಲ್ಪ ಮೆಗ್ನೀಸಿಯಂ ಸಿಲಿಸೈಡ್ ಹುಟ್ಟಿಕೊಂಡರೆ, ಆಮೇಲೆ ಆಮ್ಲ ಹಾಕಿದಾಗ ಸಿಲೇನ್ ಎಂಬ ಅನಿಲ ಬರುತ್ತದೆ, ಅದು ಗಾಳಿ ತಾಗಿದರೆ ತಾನೇ ಹೊತ್ತಿಕೊಳ್ಳುತ್ತದೆ. ಇದನ್ನು ಓದುತ್ತಿರುವ ತಮ್ಮ ತಂಗಿಯರಿಗೂ ಹೇಳುತ್ತೇನೆ, ಈ ಭಾಗವನ್ನು ಯಾರೂ ಮಾಡಿ ನೋಡಬೇಡಿ.

ಹಾಗಾಗಿ ಪ್ರದರ್ಶನಕ್ಕೆ ಮೂರು ದಿನ ಇರುವಾಗ ನಮ್ಮ ಹತ್ತಿರ ಇದ್ದದ್ದು ಒಂದು ಬಾಟಲಿ ಬಿಳಿ ಪುಡಿ, ಒಂದು ಬಾಟಲಿ ಕಪ್ಪು ಪುಡಿ. ಚಾರ್ಟಿನ ಮೇಲೆ ಮಾತ್ರ "ಹೊಟ್ಟಿನಿಂದ ಸಿಲಿಕಾನ್" ಎಂದು ಬಣ್ಣದ ಅಕ್ಷರದಲ್ಲಿ ಆಗಲೇ ಬರೆದಾಗಿತ್ತು.

ನನ್ನ ಗೆಳತಿ ಆ ಕಪ್ಪು ಪುಡಿಯನ್ನು ಬೆಳಕಿಗೆ ಹಿಡಿದು, "ನೆಟ್‌ನಲ್ಲಿ ಸಿಲಿಕಾನ್ ಪುಡಿ ಹೀಗೇ ಇರುತ್ತೆ ನೋಡು" ಎಂದಳು. ನಿಜ, ಹಾಗೇ ಇತ್ತು. "ಬಿಳಿದು ಸಿಲಿಕಾ, ಕಪ್ಪುದು ಸಿಲಿಕಾನ್ ಅಂತ ಇಟ್ಟುಬಿಡೋಣ. ಯಾರು ತೆಗೆದು ನೋಡ್ತಾರೆ?" ನಾನು ಬೇಡ ಎನ್ನಲಿಲ್ಲ. ಅವಳ ಮೇಲೆ ತಪ್ಪು ಹಾಕುವುದಕ್ಕೆ ಇದನ್ನು ಬರೆಯುತ್ತಿಲ್ಲ. ಚೀಟಿ ಬರೆದದ್ದು ನಾನು. ನನ್ನ ಅಕ್ಷರ ದುಂಡಗಿದೆ ಎಂದು ಬರೆಯುವ ಕೆಲಸ ಯಾವಾಗಲೂ ನನ್ನದೇ. "ಸಿಲಿಕಾನ್" ಎಂದು ಬರೆದು, ಗೋಂದು ಹಚ್ಚಿ, ನಾನೇ ಅಂಟಿಸಿದೆ. ಮೇಡಂ ಆ ದಿನ ಬೇರೆ ಕೆಲಸದಲ್ಲಿದ್ದರು. ಅವರಿಗೆ ತೋರಿಸಲಿಲ್ಲ.

ಪ್ರದರ್ಶನದ ದಿನ ಬೆಳಿಗ್ಗೆ ಪೋಷಕರಿಗೂ ಪ್ರವೇಶ ಇತ್ತು. ಅಬ್ಬಾಗೆ ಮಧ್ಯಾಹ್ನದ ಪಾಳಿ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು. ನಾನು ಪಿಯುಸಿ ಸೇರಿದ ಮೇಲೆ ಅವರು ಕಾಲೇಜಿನೊಳಗೆ ಬಂದದ್ದು ಎರಡನೇ ಸಲ, ಮೊದಲನೇ ಸಲ ಅಡ್ಮಿಷನ್‌ಗೆ. ಮೇಜಿನ ಮುಂದೆ ನಿಂತು ಚಾರ್ಟನ್ನು ನಿಧಾನವಾಗಿ ಓದಿದರು. ಅವರಿಗೆ ಕನ್ನಡ ಓದುವುದು ಸ್ವಲ್ಪ ನಿಧಾನ. ಬಿಳಿ ಪುಡಿಯ ಬಾಟಲಿ ಎತ್ತಿ ನೋಡಿ ಇಟ್ಟರು. ಕಪ್ಪು ಪುಡಿಯ ಬಾಟಲಿ ಎತ್ತಿದರು. ಮುಚ್ಚಳ ತೆಗೆದರು. ಎರಡು ಬೆರಳಲ್ಲಿ ಒಂದು ಚಿಟಿಕೆ ತೆಗೆದುಕೊಂಡು ಉಜ್ಜಿದರು.

"ಬೇಟಾ, ಇದು ಬೂದಿ."

ನಾನು ಸುಮ್ಮನಿದ್ದೆ.

"ಸರಿಯಾಗಿ ಉರಿಯದ ಬೂದಿ. ಹೊಟ್ಟು ಹಸಿ ಇದ್ದಾಗ ನಮ್ಮ ಬಾಯ್ಲರಿನಲ್ಲಿ ಹೀಗೇ ಬರುತ್ತದೆ." ಆಮೇಲೆ ಚೀಟಿ ನೋಡಿದರು. "ಇದರ ಮೇಲೆ ಬೇರೆ ಏನೋ ಬರೆದಿದ್ದೀರಿ. ಬೇರೆ ಬಾಟಲಿಯ ಚೀಟಿ ಇದಕ್ಕೆ ಬಂದಿದೆಯೋ ಏನೋ, ನೋಡಿಕೋ."

ಅವರಿಗೆ ನಾನು ಸುಳ್ಳು ಬರೆದಿರಬಹುದು ಎಂಬ ಯೋಚನೆಯೇ ಬರಲಿಲ್ಲ. ಚೀಟಿ ಅದಲು ಬದಲಾಗಿದೆ ಎಂದುಕೊಂಡರು. ಬಾಟಲಿಯನ್ನು ಜಾಗದಲ್ಲಿಟ್ಟು, ಕೈಬೆರಳನ್ನು ಕರವಸ್ತ್ರಕ್ಕೆ ಒರೆಸಿಕೊಂಡು, ಸ್ವಲ್ಪ ಕೆಮ್ಮಿ, "ಚೆನ್ನಾಗಿ ಹೇಳು, ಹೆದರಬೇಡ" ಎಂದು ಮಿಲ್ಲಿಗೆ ಹೊರಟರು.

ತೀರ್ಪುಗಾರರು ಬರಲು ಒಂದು ಗಂಟೆ ಇತ್ತು. ನಾನು ನೇರ ಮೇಡಂ ಹತ್ತಿರ ಹೋಗಿ ಎಲ್ಲವನ್ನೂ ಹೇಳಿಬಿಟ್ಟೆ. ಅವರು ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. ಆಮೇಲೆ, "ಅಬ್ಬಾ ಹೇಳಿದರು ಅಂತ ನೀನು ಒಪ್ಪಿಕೊಂಡೆ. ಅಬ್ಬಾ ಬರದವರಿಗೆ ಹೇಗೆ ಗೊತ್ತಾಗಬೇಕು? ಪರೀಕ್ಷೆ ಮಾಡಿ ತೋರಿಸು" ಎಂದರು.

ಪರೀಕ್ಷೆ ಸುಲಭ. ಸಿಲಿಕಾನಿಗೆ ಬೆಚ್ಚಗಿನ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣ ತಾಗಿದರೆ ಹೈಡ್ರೋಜನ್ ಅನಿಲ ಹುಟ್ಟಿ ಗುಳ್ಳೆ ಬರುತ್ತದೆ. ಇಂಥ ಬೂದಿಯ ಸಿಲಿಕಾ ಆದರೆ ಗುಳ್ಳೆ ಇಲ್ಲದೆ ಸುಮ್ಮನೆ ಕರಗುತ್ತಾ ಹೋಗುತ್ತದೆ. ಗುಳ್ಳೆ ಬಂದರೆ ಹೇಗಿರುತ್ತದೆ ಎಂದು ತೋರಿಸಲು ಪಕ್ಕದ ಪ್ರನಾಳದಲ್ಲಿ ಚೂರು ಅಲ್ಯೂಮಿನಿಯಂ ಹಾಳೆ ಹಾಕಿದೆವು, ಅದೂ ಅದೇ ದ್ರಾವಣದಲ್ಲಿ ಹೈಡ್ರೋಜನ್ ಬಿಡುತ್ತದೆ. ಕನ್ನಡಕ, ಕೈಗವಸು ಹಾಕಿಕೊಂಡು, ಮೇಡಂ ಪಕ್ಕದಲ್ಲೇ ನಿಂತಿದ್ದರು. ಅಲ್ಯೂಮಿನಿಯಂ ಇದ್ದ ಪ್ರನಾಳ ಸೋಡಾ ಬಾಟಲಿಯ ಹಾಗೆ ನೊರೆಯಿತು. ನಮ್ಮ "ಸಿಲಿಕಾನ್" ಇದ್ದ ಪ್ರನಾಳದಲ್ಲಿ ಏನೂ ಇಲ್ಲ. ಬೂದಿ ಕರಗುತ್ತಾ ಬಂತು, ತಳದಲ್ಲಿ ಕಪ್ಪು ಇಂಗಾಲದ ಚೂರುಗಳು ಉಳಿದವು.

ಗೆಳತಿಯರಿಗೆ ತುಂಬಾ ಸಿಟ್ಟು ಬಂತು. "ನಮ್ಮನ್ನು ಒಂದು ಮಾತು ಕೇಳಬಹುದಿತ್ತಲ್ಲ" ಎಂದಳು ಒಬ್ಬಳು. ಅವಳ ಮಾತಿನಲ್ಲಿ ನ್ಯಾಯ ಇತ್ತು. ಮೂವರೂ ಸೇರಿ ಮಾಡಿದ ತಪ್ಪನ್ನು ನಾನೊಬ್ಬಳೇ ಹೋಗಿ ಒಪ್ಪಿಸಿ ಬಂದಿದ್ದೆ. ಅವಳು ಅತ್ತಳು, ನಾನೂ ಅತ್ತೆ. ತೀರ್ಪುಗಾರರು ಪಕ್ಕದ ಮೇಜಿನವರೆಗೆ ಬಂದಾಗ ಅವಳೇ ಹಳೆಯ ಚೀಟಿಯನ್ನು ಉಗುರಿನಿಂದ ಕೆರೆದು ತೆಗೆದಳು. ಹೊಸದನ್ನು ನಾನು ಬರೆದೆ: "ಭತ್ತದ ಹೊಟ್ಟಿನ ಬೂದಿ. ಸಿಲಿಕಾ ಮತ್ತು ಉರಿಯದ ಇಂಗಾಲ. ಸಿಲಿಕಾನ್ ಅಲ್ಲ." ಚಾರ್ಟಿನ ಶೀರ್ಷಿಕೆಯಲ್ಲಿ "ಹೊಟ್ಟಿನಿಂದ ಸಿಲಿಕಾನ್" ಎಂಬುದರ ಮುಂದೆ ಸ್ಕೆಚ್ ಪೆನ್ನಿನಲ್ಲಿ "ಅರ್ಧ ದಾರಿ" ಎಂದು ಸೇರಿಸಿದೆವು.

ತೀರ್ಪುಗಾರರಲ್ಲಿ ಹಿರಿಯರೊಬ್ಬರು ಎರಡೂ ಪ್ರನಾಳಗಳನ್ನು ನೋಡಿ ಕೇಳಿದರು, "ಹಾಗಾದರೆ ನಿಮ್ಮ ಪ್ರಾಜೆಕ್ಟ್ ಯಶಸ್ವಿಯಾಗಲಿಲ್ಲ?"

"ಇಲ್ಲ ಸರ್. ಇಲ್ಲಿಯವರೆಗೆ ಬಂದಿದ್ದೇವೆ. ಮುಂದಿನದಕ್ಕೆ ಗಾಳಿ ಇಲ್ಲದ ಕುಲುಮೆ ಬೇಕು."

ಅವರು ತಲೆಯಾಡಿಸಿ, ಏನೋ ಬರೆದುಕೊಂಡು ಮುಂದೆ ಹೋದರು. ಸಂಜೆ ಬಹುಮಾನದ ಪಟ್ಟಿಯಲ್ಲಿ ನಮ್ಮ ಹೆಸರು ಇರಲಿಲ್ಲ. ಗೆದ್ದವರ ಪ್ರಾಜೆಕ್ಟ್ ನಿಜವಾಗಿಯೂ ಚೆನ್ನಾಗಿತ್ತು.

ಆಮೇಲೆ ನಾನು ಸಿಲಿಕಾನಿನ ಬಗ್ಗೆ ಮತ್ತೆ ಓದಿದೆ. ಈ ಸಲ ಬಹುಮಾನಕ್ಕಾಗಿ ಅಲ್ಲ. ಓದುತ್ತಾ ಒಂದು ವಿಷಯ ಗಮನಕ್ಕೆ ಬಂತು. ಸಿಲಿಕಾನ್ ಹೆಚ್ಚು ಲಿಥಿಯಂ ಹಿಡಿಯುತ್ತದೆ ಎಂಬುದು ಹೊಸ ಸುದ್ದಿ ಅಲ್ಲವೇ ಅಲ್ಲ, ನಾನು ಹುಟ್ಟುವ ಮೊದಲೇ ಗೊತ್ತಿದ್ದದ್ದು. ಆ ದೊಡ್ಡ ಸಂಖ್ಯೆಯನ್ನು ಮಾತ್ರ ಚೀಟಿ ಮಾಡಿ ಅಂಟಿಸಿದ್ದರೆ ಯಾವ ಬ್ಯಾಟರಿಯೂ ಬರುತ್ತಿರಲಿಲ್ಲ. ಎಲ್ಲಿ ಬಿರುಕು ಬಿಟ್ಟಿತು, ಎಷ್ಟನೇ ಸಲಕ್ಕೆ ಬಿಟ್ಟಿತು, ಯಾಕೆ ಬಿಟ್ಟಿತು ಎಂದು ಬರೆದಿಟ್ಟವರಿಂದಲೇ ದಾರಿ ತೆರೆಯಿತು.

2008ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಯಿ ಕುಯಿ ಅವರ ತಂಡ ಸಿಲಿಕಾನನ್ನು ಗಟ್ಟಿ ತುಂಡಾಗಿ ಇಡದೆ, ಉಕ್ಕಿನ ತಗಡಿನ ಮೇಲೆ ಹುಲ್ಲಿನಂತೆ ಸೂಕ್ಷ್ಮ ತಂತಿಗಳಾಗಿ ಬೆಳೆಸಿ ತೋರಿಸಿತು. ತಂತಿ ತಂತಿಯ ನಡುವೆ ಜಾಗ ಇದ್ದುದರಿಂದ ಉಬ್ಬಿದರೂ ಪುಡಿಯಾಗಲಿಲ್ಲ. ಸಿಲಿಕಾನ್ ಕಣ ಸುಮಾರು 150 ನ್ಯಾನೋಮೀಟರ್‌ಗಿಂತ ಚಿಕ್ಕದಾದರೆ ಮೊದಲ ಸಲ ಉಬ್ಬುವಾಗ ಬಿರುಕೇ ಬಿಡುವುದಿಲ್ಲ ಎಂಬುದು 2012ರಲ್ಲಿ ಗೊತ್ತಾಯಿತು. ನಮ್ಮ ತಲೆಕೂದಲನ್ನು ಅಡ್ಡಕ್ಕೆ ಸುಮಾರು 500 ಭಾಗ ಮಾಡಿದರೆ ಒಂದು ಭಾಗ ಅಷ್ಟಿರುತ್ತದೆ. 2014ರದ್ದು ನನಗೆ ಎಲ್ಲಕ್ಕಿಂತ ಇಷ್ಟ. ಅವರು ದಾಳಿಂಬೆಯ ಹಾಗೆ ಮಾಡಿದರು. ಪ್ರತಿ ಸಿಲಿಕಾನ್ ಕಣದ ಸುತ್ತ ಒಂದು ತೆಳುವಾದ ಕಾರ್ಬನ್ ಚಿಪ್ಪು, ಚಿಪ್ಪಿನೊಳಗೆ ಕಣ ಉಬ್ಬುವುದಕ್ಕೆಂದೇ ಖಾಲಿ ಜಾಗ, ಅಂಥ ನೂರಾರು ಚಿಪ್ಪುಗಳನ್ನು ಒಟ್ಟಿಗೆ ಹಿಡಿದಿಡಲು ಹೊರಗೆ ಇನ್ನೊಂದು ಕಾರ್ಬನ್ ಸಿಪ್ಪೆ. ಕಣ ಒಳಗೇ ಉಬ್ಬಿ ಒಳಗೇ ಕುಗ್ಗುತ್ತದೆ, ಪೊರೆ ಹೊರಗೆ ಕಟ್ಟುವುದರಿಂದ ಹರಿಯುವುದಿಲ್ಲ. 1,000 ಸಲ ಚಾರ್ಜ್ ಮಾಡಿದ ಮೇಲೂ ಶೇಕಡಾ 97ರಷ್ಟು ಸಾಮರ್ಥ್ಯ ಉಳಿದಿತ್ತು. ಹೊಟ್ಟಿನ ಸಿಲಿಕಾಕ್ಕೆ ಬೆಲೆ ಬಂದದ್ದೂ ಇದೇ ಕಾರಣಕ್ಕೆ. ಭತ್ತದ ಗಿಡ ಅದನ್ನು ಮೊದಲೇ ಅತಿ ಸಣ್ಣ ಕಣಗಳಾಗಿ, ನಡುವೆ ರಂಧ್ರ ಬಿಟ್ಟು ಜೋಡಿಸಿರುತ್ತದೆ.

2023ರಲ್ಲಿ ಆನರ್ ಕಂಪನಿ ಚೀನಾದಲ್ಲಿ ಬಿಡುಗಡೆ ಮಾಡಿದ ಫೋನಿನಲ್ಲಿ ಸಿಲಿಕಾನ್-ಕಾರ್ಬನ್ ಬ್ಯಾಟರಿ ಬಂತು. ಈಗ ಮಾಮುವಿನ ಅಂಗಡಿಯಲ್ಲೂ ಹೊಸ ಫೋನಿನ ಡಬ್ಬಿಗಳ ಮೇಲೆ ಆ ಹೆಸರು ಕಾಣುತ್ತದೆ. ಅಂಥ ಆನೋಡಿನಲ್ಲೂ ಹೆಚ್ಚಿನ ಭಾಗ ಇನ್ನೂ ಕಾರ್ಬನ್ನೇ, ಸಿಲಿಕಾನ್ ಸ್ವಲ್ಪವೇ. 3,579ರ ಆಸೆಗೆ ಬಿದ್ದು ಪೂರ್ತಿ ಸಿಲಿಕಾನ್ ತುಂಬಿಲ್ಲ. ಎಷ್ಟು ಉಬ್ಬಿದರೆ ತಡೆಯುತ್ತದೋ ಅಷ್ಟೇ ಹಾಕಿದ್ದಾರೆ.

ಅಬ್ಬಾಗೆ ನಾನು ಆ ರಾತ್ರಿಯೇ ನಿಜ ಹೇಳಿದೆ. ಚೀಟಿ ಅದಲು ಬದಲಾಗಿರಲಿಲ್ಲ, ನಾನೇ ಬೇಕೆಂದು ಬರೆದದ್ದು ಎಂದೆ. ಅವರು ತುಂಬಾ ಹೊತ್ತು ಮಾತಾಡಲಿಲ್ಲ. ನನಗೆ ಬಹುಮಾನ ಹೋದದ್ದಕ್ಕಿಂತ ಆ ಹೊತ್ತು ಕಷ್ಟವಾಯಿತು. ಆಮೇಲೆ ಕೇಳಿದರು, "ಚೀಟಿ ತೆಗೆದೆಯಾ?" "ತೆಗೆದೆ." "ಹಾಗಾದರೆ ಊಟ ಮಾಡು."

ಇನ್ನೊಂದು ವಿಷಯ. ಆ ಬೂದಿ ಸಿಲಿಕಾ ಎಂದು ಸರಿಯಾಗಿ ಓದಿದಾಗ, ಹೆಚ್ಚು ಶಾಖದಲ್ಲಿ ಸುಟ್ಟ ಹೊಟ್ಟಿನ ಬೂದಿಯಲ್ಲಿ ಸಿಲಿಕಾ ಹರಳುಗಟ್ಟುತ್ತದೆ, ಅದರ ಸಣ್ಣ ಧೂಳು ವರ್ಷಗಟ್ಟಲೆ ಎದೆಯೊಳಗೆ ಹೋದರೆ ಶ್ವಾಸಕೋಶಕ್ಕೆ ಹಾನಿ ಎಂಬುದೂ ಸಿಕ್ಕಿತು. ಅಬ್ಬಾ 11 ವರ್ಷದಿಂದ ಮೂಗಿಗೆ ಟವೆಲ್ ಕಟ್ಟಿಕೊಂಡು ಬೂದಿ ಎಳೆಯುತ್ತಿದ್ದಾರೆ. ಟವೆಲ್ ಆ ಧೂಳನ್ನು ತಡೆಯುವುದಿಲ್ಲ. ಬಾಟಲಿಯ ಮೇಲೆ "ಸಿಲಿಕಾನ್" ಎಂದೇ ಉಳಿದಿದ್ದರೆ ನಾನು ಈ ಪುಟವನ್ನು ಓದುತ್ತಲೇ ಇರಲಿಲ್ಲವೇನೋ. ಮಾಮು ಪೇಟೆಯಿಂದ ಧೂಳು ತಡೆಯುವ ಸರಿಯಾದ ಮಾಸ್ಕ್ ತಂದುಕೊಟ್ಟಿದ್ದಾರೆ. ಸೆಕೆಗೆ ಹಾಕಿಕೊಳ್ಳಲು ಆಗುವುದಿಲ್ಲ ಎಂದು ಅಬ್ಬಾ ಗೊಣಗುತ್ತಾರೆ. ಮನೆಗೆ ಬಂದಾಗ ನಾನು ಮೊದಲು ನೋಡುವುದು ಅವರ ಮುಖ. ಹುಬ್ಬು ಬೂದಿಯಾಗಿ, ಮೂಗು ಬಾಯಿಯ ಸುತ್ತ ಸ್ವಚ್ಛವಾಗಿದ್ದರೆ ಆ ದಿನ ಮಾಸ್ಕ್ ಹಾಕಿದ್ದರು ಎಂದು ಅರ್ಥ. ವಾರದಲ್ಲಿ ನಾಲ್ಕು ದಿನ ಹಾಗೆ ಬರುತ್ತಾರೆ. ಉಳಿದ ದಿನಗಳಿಗಾಗಿ ನಾನು ಅಮ್ಮಿಯ ಜೊತೆ ಸೇರಿ ಜಗಳ ಮಾಡುತ್ತಿದ್ದೇನೆ.

ಆ ಎರಡು ಬಾಟಲಿಗಳು ಈಗಲೂ ರಸಾಯನಶಾಸ್ತ್ರ ಲ್ಯಾಬಿನ ಕಪಾಟಿನಲ್ಲಿ ಮೇಲಿನಿಂದ ಎರಡನೇ ಸಾಲಿನಲ್ಲಿವೆ. ಮುಂದಿನ ವರ್ಷ ಯಾರಾದರೂ ಉಳಿದರ್ಧ ದಾರಿಯ ಬಗ್ಗೆ ಯೋಚಿಸುವುದಾದರೆ ತೆಗೆದುಕೊಳ್ಳಬಹುದು. ಚೀಟಿಯ ಮೇಲೆ ಬರೆದಿರುವುದೇ ಒಳಗಿದೆ.